ಓಖ್ಲಾದ ಹಿತ್ತಲಲ್ಲಿ ಕೋಳಿ ಕೂಗಿತು

ನಾವು ಓಖ್ಲಾದಲ್ಲಿದ್ದೇವೆ ಎಂದರೆ ಸಂಘದ ಗೆಳತಿಯರು ಅರೆಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, "ಅಯ್ಯೋ, ಅಲ್ಲಿ ಹೇಗಿದ್ದೀರಿ?" ಎಂದು ಕನಿಕರಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪತ್ರಿಕೆಗಳಲ್ಲಿ ಓಖ್ಲಾದ ಹೆಸರು ಬರುವುದೇ ಮೂರು ಕಾರಣಕ್ಕೆ: ಕಸದ ಗುಡ್ಡ, ಯಮುನೆಯ ನೊರೆ, ಕಾಲಿಂದೀಕುಂಜದಲ್ಲಿ ನಿಂತುಹೋದ ವಾಹನಗಳ ಸಾಲು. ಆದರೆ ನಮ್ಮ ಸಂಘದ ಹಿರಿಯರನ್ನೊಮ್ಮೆ ಕೇಳಿ ನೋಡಿ. ಅವರ ಎಳವೆಯಲ್ಲಿ ಭಾನುವಾರವೆಂದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಓಖ್ಲಾಕ್ಕೆ ಹೊರಡುವುದು. ನೀರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆ, ಅದರ ಪಕ್ಕದ ಮರದ ನೆರಳು, ಮೀನು ಹಿಡಿಯುವವರು, ದೋಣಿಯವರು - ಇಷ್ಟಿದ್ದರೆ ಅಂದಿನ ಸರ್ಕಾರಿ ಗುಮಾಸ್ತನ ಸಂಸಾರಕ್ಕೆ ಬೇರೆ ಬೃಂದಾವನ ಬೇಕಿರಲಿಲ್ಲ.

ಈಗ ಬರುವುದು ಅಂದಿಗಿಂತ ಸುಲಭ. ಆರ್.ಕೆ. ಪುರಂ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಎಲ್ಲಿಯೂ ಗಾಡಿ ಬದಲಾಯಿಸದೆ ನಮ್ಮ ಕಡೆಗೆ ಬಂದುಬಿಡಬಹುದು. ಓಖ್ಲಾದ ಕಡೆಯ ಹಳಿ ೨೦೧೭ರ ಡಿಸೆಂಬರಿನಲ್ಲಿ ತೆರೆಯಿತು. ಮರು ವರ್ಷ ಅದು ನಿಮ್ಮ ಕಡೆಗೂ ಬಂದು ಸೇರಿತು. ಸುಖದೇವ ವಿಹಾರ, ಜಾಮಿಯಾ ಮಿಲ್ಲಿಯಾ, ಓಖ್ಲಾ ವಿಹಾರ, ಜಸೋಲಾ, ಕಾಲಿಂದೀಕುಂಜ ಎಂದು ನಿಲ್ದಾಣಗಳು ಒಂದೊಂದಾಗಿ ಬರುತ್ತವೆ. ಕೊನೆಗೆ ಗಾಡಿ ಯಮುನೆಯನ್ನು ದಾಟಿ ನೋಯ್ಡಾ ಕಡೆಗೆ ಹೋಗುತ್ತದೆ. ಆ ದಂಡೆಯಲ್ಲೊಂದು ನಿಲ್ದಾಣಕ್ಕೆ ಓಖ್ಲಾ ಪಕ್ಷಿಧಾಮವೆಂದೇ ಹೆಸರು.

ನೀವು ಜಾಮಿಯಾದಲ್ಲಿ ಇಳಿಯಿರಿ. ೧೯೩೫ರಲ್ಲಿ ಇಲ್ಲಿ ಅಡಿಗಲ್ಲು ಬಿದ್ದಾಗ ಸುತ್ತ ಹೊಲ, ಹಳ್ಳಿ, ಹೊಳೆಯ ದಂಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಡಾ. ಜಾಕಿರ್ ಹುಸೇನರು ರಾಷ್ಟ್ರಪತಿಗಳಾಗುವುದಕ್ಕೆ ಬಹಳ ಮೊದಲು ಈ ವಿದ್ಯಾಪೀಠವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ೧೯೬೯ರಲ್ಲಿ ತೀರಿಕೊಂಡಾಗ ಅವರಿಗೆ ಮಣ್ಣಾದದ್ದೂ ಇಲ್ಲಿಯೇ. ಮಕ್ಕಳಿಗಾಗಿ ಅವರು ಬರೆದ 'ಅಬ್ಬೂ ಖಾನನ ಮೇಕೆ' ಎಂಬ ಕಥೆಯನ್ನು ನನ್ನ ಮಗಳು ಇಲ್ಲಿನ ಶಾಲೆಯಲ್ಲಿ ಓದಿದಳು. ಹಗ್ಗ ಬಿಚ್ಚಿಕೊಂಡು ಬೆಟ್ಟಕ್ಕೆ ಓಡಿದ ಮೇಕೆಯೊಂದು ರಾತ್ರಿಯಿಡೀ ತೋಳದೊಡನೆ ಹೋರಾಡುವ ಕಥೆ ಅದು. ಈ ಕಥೆಯ ನೆನಪು ಮುಂದೆ ಇನ್ನೊಮ್ಮೆ ಬರುತ್ತದೆ. ಸದ್ಯಕ್ಕೆ ಮುಂದೆ ನಡೆಯೋಣ.

ಓಖ್ಲಾ ಗ್ರಾಮದ ಗಲ್ಲಿಗಳನ್ನು ದಾಟಿದರೆ ನೀರಿನ ಸದ್ದು. ೧೮೭೪ರಲ್ಲಿ ತೆರೆದ ಆಗ್ರಾ ಕಾಲುವೆ ಹೊರಡುವುದು ಇಲ್ಲಿಂದಲೇ. ಈಚಿನ ದಂಡೆಯಲ್ಲಿ ಕಾಲುವೆ, ಆಚಿನ ದಂಡೆಯಲ್ಲಿ ೧೯೯೦ರಲ್ಲಿ ಘೋಷಣೆಯಾದ ಪಕ್ಷಿಧಾಮ. ಮಾರ್ಗಶಿರದ ಬೆಳಗ್ಗೆ ಮಂಜು ಸ್ವಲ್ಪ ಹರಿದಾಗ ನೋಡಬೇಕು. ಸೈಬೀರಿಯಾ, ಮಧ್ಯ ಏಷ್ಯಾಗಳಿಂದ ಹಾರಿ ಬಂದ ಬಾತುಗಳು ನೀರಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. ಊರ ಕಡೆಯ ಗುರುತಿನವುಗಳೂ ಇವೆ: ಕೆಂಪು ಕೊಕ್ಕಿನ, ನೇರಳೆ ಮೈಯ ಜಂಬುಕೋಳಿ, ಹಣೆಗೆ ಬಿಳಿ ನಾಮ ಎಳೆದುಕೊಂಡ ನಾಮದ ಕೋಳಿ, ಪೊದೆಯಿಂದ ಪೊದೆಗೆ ನುಸುಳುವ ಹುಂಡುಕೋಳಿ. ಇವು ಯಾವುವೂ ನಿಜವಾಗಿ ಕೋಳಿಗಳಲ್ಲ. ಆದರೂ ನಮ್ಮ ಜನ ಕೆರೆಯಲ್ಲಿ ಕಂಡ ಹಕ್ಕಿಗಳನ್ನೆಲ್ಲ ಮನೆಯ ಕೋಳಿಯ ಬಳಗಕ್ಕೆ ಸೇರಿಸಿಬಿಟ್ಟಿದ್ದಾರೆ. ನಮ್ಮ ಅತ್ತೆಯವರು ಮೊದಲ ಸಲ ಇವನ್ನು ನೋಡಿದಾಗ, "ಇವಕ್ಕೂ ಊರು ಬಿಟ್ಟು ಇಲ್ಲಿಗೆ ಬರೋ ಗಾಚಾರವೆ?" ಎಂದಿದ್ದರು.

ಅತ್ತೆಯವರ ಮಾತು ಬಂತು. ಈ ಬರಹ ನಿಜವಾಗಿ ಅವರದೇ.

ಅವರ ಊರು ಕೋಲಾರ ಜಿಲ್ಲೆಯ ಮುಳಬಾಗಿಲಿನ ಹತ್ತಿರದ ಹಳ್ಳಿ. ೨೦೧೬ರಲ್ಲಿ ಮಾವನವರು ತೀರಿಕೊಂಡ ಮೇಲೆ ನಮ್ಮ ಯಜಮಾನರು ಹಟ ಹಿಡಿದು ಅವರನ್ನು ದಿಲ್ಲಿಗೆ ಕರೆತಂದರು. ನಮ್ಮದು ಹಳೆಯ ಮನೆಯ ನೆಲಮಹಡಿ. ಹಿಂದೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಿತ್ತಲು. ಅದರಲ್ಲೊಂದು ನುಗ್ಗೆಮರ, ಒಂದು ಕರಿಬೇವು. ಅತ್ತೆಯವರು ಬಂದ ಮೊದಲ ಆರು ತಿಂಗಳು ಆ ಹಿತ್ತಲ ಬಾಗಿಲಲ್ಲಿ ಕುಳಿತೇ ಕಳೆದರು. ಊಟ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ಡಾಕ್ಟರು ನೋಡಿ ಮೈಯಲ್ಲಿ ಏನೂ ಕಾಯಿಲೆಯಿಲ್ಲ ಎಂದರು. ಒಂದು ರಾತ್ರಿ ಎರಡು ಗಂಟೆಗೆ ಅವರು ಎದ್ದು ಮುಖ ತೊಳೆದು, ಒಲೆ ಹಚ್ಚಲು ಹೋದುದನ್ನು ಕಂಡೆ.

"ಇನ್ನೂ ಬೆಳಗಾಗಿಲ್ಲ ಅತ್ತೆ," ಎಂದೆ.

"ನಂಗೆ ಎಂಗಮ್ಮ ಗೊತ್ತಾಗಬೇಕು? ಈ ಊರಲ್ಲಿ ರಾತ್ರಿನೂ ದೀಪ, ಹಗಲೂ ದೀಪ. ಕೋಳಿ ಕೂಗಾದೇ ಇಲ್ವಲ್ಲ!" ಎಂದರು.

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿ, ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟುಹೋದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಅಜ್ಜಿಯನ್ನು ನೋಡಿ ನಕ್ಕಿದ್ದೇವೆ. ನಮ್ಮ ಮನೆಯಲ್ಲಿ ಅಜ್ಜಿ ಮಾತ್ರ ಬಂದಿದ್ದರು, ಕೋಳಿ ಬಂದಿರಲಿಲ್ಲ.

ಗಾಜೀಪುರದ ಮಂಡಿಯಿಂದ ಒಂದು ಹುಂಜವನ್ನು ತಂದುಬಿಡೋಣವೆಂದು ಯಜಮಾನರು ಹೇಳಿದರು. ಅತ್ತೆಯವರು ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ಅವರ ಅತ್ತೆಯ ಕಾಲದಿಂದ ಮನೆಯಲ್ಲಿ ನಡೆದುಬಂದ ಕೋಳಿ. ಕಂದು ಮೈ, ಎತ್ತರದ ನಿಲುವು, ಹಳದಿ ಕಾಲು. ಶಾಸ್ತ್ರಜ್ಞರು ಇದನ್ನು ಘಾಗಸ್ ಎನ್ನುತ್ತಾರೆ. ನಮ್ಮ ಕೋಲಾರ, ಬೆಂಗಳೂರು, ಗಡಿಯಾಚೆಯ ಚಿತ್ತೂರು, ಅನಂತಪುರ ಸೀಮೆಗಳ ಸ್ವಂತ ತಳಿ. ಅಲೆಮಾರಿ ಜನ ಇದನ್ನು ಊರಿಂದೂರಿಗೆ ಕೊಂಡೊಯ್ದು ಸಾಕುತ್ತ ಬಂದವರು. ದೇಶದ ಪಶುತಳಿಗಳ ಪಟ್ಟಿ ಇಡುವ ಸಂಸ್ಥೆ ದಿಲ್ಲಿಗೆ ಮೂರು ಗಂಟೆಯ ದಾರಿಯ ಕರ್ನಾಲಿನಲ್ಲಿದೆ. ಅಲ್ಲಿನ ಪಟ್ಟಿಯಲ್ಲಿ ಇಪ್ಪತ್ತರಷ್ಟು ಕೋಳಿ ತಳಿಗಳಿವೆ: ಕಾಳಗಕ್ಕೆ ಹೆಸರಾದ ಅಸೀಲ್, ಮೂಳೆ ಮಾಂಸವೆಲ್ಲ ಕಪ್ಪಾದ ಝಾಬುವಾದ ಕಡಕ್‌ನಾಥ್, ಅಂಕಲೇಶ್ವರ, ತಲಶ್ಶೇರಿ, ನಿಕೋಬಾರಿ. ಅವುಗಳ ನಡುವೆ ನಮ್ಮ ಘಾಗಸ್ಸಿಗೂ ಒಂದು ಸಾಲು ಇದೆ.

ಊರಿಗೆ ಫೋನು ಮಾಡಿ ಕೇಳಿದರೆ, ಓರಗಿತ್ತಿಯ ಹತ್ತಿರ ಆ ಹಳೆಯ ಜಾತಿಯಲ್ಲಿ ಉಳಿದಿದ್ದದ್ದು ಎರಡು ಹೇಂಟೆ, ಒಂದು ಮುದಿ ಹುಂಜ ಮಾತ್ರ. ಮಿಕ್ಕದ್ದೆಲ್ಲ ಹೆಬ್ಬಾಳದ ಗಿರಿರಾಜ ಮತ್ತು ಫಾರಂ ಕೋಳಿ. ಅದರಲ್ಲಿ ತಪ್ಪಿಲ್ಲ. ಗಿರಿರಾಜ ಬೇಗ ತೂಕ ಬರುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ. ಬಿಳಿ ಲೆಗ್‌ಹಾರ್ನ್ ಜಾತಿಯ ಫಾರಂ ಕೋಳಿ ವರ್ಷಕ್ಕೆ ಮುನ್ನೂರರ ಹತ್ತಿರ ಇಟ್ಟರೆ ನಮ್ಮ ನಾಟಿ ಕೋಳಿ ಐವತ್ತು ಅರವತ್ತಕ್ಕೆ ಕೈ ಎತ್ತುತ್ತದೆ. ಆದರೆ ಆ ಫಾರಂ ಕೋಳಿಗೆ ಕಾವು ಕೂರಲು ಬರುವುದಿಲ್ಲ. ಕಾವು ಕೂತ ಕೋಳಿ ಮೊಟ್ಟೆ ಇಡುವುದಿಲ್ಲವೆಂದು ತಲೆಮಾರುಗಳ ಕಾಲ ಆರಿಸಿ ಆರಿಸಿ ತಾಯ್ತನವನ್ನೇ ಅದರಿಂದ ತೆಗೆದುಬಿಟ್ಟಿದ್ದಾರೆ. ಯಂತ್ರವಿಲ್ಲದಿದ್ದರೆ ಅದರ ವಂಶ ಒಂದೇ ತಲೆಗೆ ಮುಗಿಯಿತು. ನಮ್ಮ ಕಂದು ಹೇಂಟೆಗಾದರೋ ಒಂದು ಬುಟ್ಟಿ, ಒಂದು ಹಿಡಿ ಹುಲ್ಲು ಇದ್ದರೆ ಸಾಕು.

೨೦೧೭ರ ಫೆಬ್ರವರಿಯಲ್ಲಿ ಯಜಮಾನರು ಊರಿಗೆ ಹೋಗಿ ಹನ್ನೆರಡು ಮೊಟ್ಟೆ ತಂದರು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೆಚ್ಚು ಕಡಿಮೆ ಎರಡು ರಾತ್ರಿಯ ಪ್ರಯಾಣ. ಮೊಟ್ಟೆ ಕಟ್ಟಿದ ರೀತಿ ಅತ್ತೆಯವರು ಫೋನಿನಲ್ಲಿ ಹೇಳಿಕೊಟ್ಟದ್ದು: ಸ್ಟೀಲು ಡಬ್ಬಿಯ ತಳಕ್ಕೆ ನಾಲ್ಕು ಬೆರಳು ರಾಗಿ, ಅದರ ಮೇಲೆ ಚೂಪು ತುದಿ ಕೆಳಗೆ ಮಾಡಿ ಮೊಟ್ಟೆ, ಒಂದಕ್ಕೊಂದು ತಾಗದ ಹಾಗೆ ಮತ್ತೆ ರಾಗಿ. ಮೊಟ್ಟೆಯ ಮೊಂಡು ತುದಿಯಲ್ಲಿ ಗಾಳಿಯ ಕೋಣೆಯಿರುತ್ತದೆ, ಅದು ಮೇಲಿರಬೇಕು. ಮೊಟ್ಟೆ ಬಿಸಿಯಾದರೆ ಒಳಗಿನ ಜೀವ ಅರೆಬರೆ ಎಚ್ಚೆತ್ತು ಸಾಯುತ್ತದೆ, ಆದ್ದರಿಂದ ತಂಪು ಬೋಗಿಯೇ ಆಗಬೇಕಿತ್ತು. ಹತ್ತು ದಿನಕ್ಕಿಂತ ಹಳೆಯ ಮೊಟ್ಟೆಯೂ ಆಗದು. ಎದುರು ಸೀಟಿನವರು ಡಬ್ಬಿಯಲ್ಲಿ ಮೈಸೂರುಪಾಕು ಇದೆಯೆಂದು ತಿಳಿದು ಇಟಾರ್ಸಿಯ ತನಕ ಕಾದರಂತೆ!

ದಿಲ್ಲಿಗೆ ಬಂದಾಗ ಒಂದಕ್ಕೆ ಬಿರುಕು. ಮಿಕ್ಕ ಹನ್ನೊಂದನ್ನು ಒಂದು ದಿನ ಅಲುಗಿಸದೆ ಇಟ್ಟೆವು. ಕಾವಿಗೆ ಕೋಳಿ ಬೇಕಲ್ಲ? ಪಕ್ಕದ ಗಲ್ಲಿಯಲ್ಲಿ ಒಬ್ಬ ಹಿರಿಯ ಮುಸಲ್ಮಾನ ಹೆಂಗಸು ಆಡು, ದೇಸಿ ಕೋಳಿ ಸಾಕಿಕೊಂಡಿದ್ದರು. ಕೇರಿಯವರಿಗೆಲ್ಲ ಅವರು ಖಾಲಾ. ನಾನು ಕಲಿತ ಹಿಂದಿಯಲ್ಲಿ ವಿಷಯ ಹೇಳಲು ತಡವರಿಸುತ್ತಿದ್ದಾಗ ಅತ್ತೆಯವರೇ ಮುಂದೆ ಬಂದು ಮಾತಿಗಿಳಿದರು. ನನಗೆ ಆಶ್ಚರ್ಯ! ಮುಳಬಾಗಿಲಿನ ಸಂತೆಯಲ್ಲಿ ಸಾಬರ ಜೊತೆ ವ್ಯಾಪಾರ ಮಾಡಿ ಬಂದ ಉರ್ದು ಅದು. "ನಕ್ಕೋ, ಪೈಸೆ ನಕ್ಕೋ" ಎಂದು ಅತ್ತೆಯವರು ಅಂದದ್ದೇ ಖಾಲಾ ಬಿದ್ದು ಬಿದ್ದು ನಕ್ಕರು. "ನಕ್ಕೋ" ಎಂಬ ದಖ್ಖನಿಯ ಮಾತನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಅಂದಿನಿಂದ ಆ ಗಲ್ಲಿಯಲ್ಲಿ ನಮ್ಮತ್ತೆಗೆ "ನಕ್ಕೋವಾಲಿ ಅಮ್ಮಾ" ಎಂದೇ ಹೆಸರು. ಖಾಲಾ ತಮ್ಮ ಕಾವು ಕೂತ ಕೋಳಿಯನ್ನು ಬುಟ್ಟಿಯ ಸಮೇತ ಕೊಟ್ಟರು.

ಇಪ್ಪತ್ತೊಂದು ದಿನ. ಏಳನೆಯ ರಾತ್ರಿ ಕೋಣೆಯ ದೀಪ ಆರಿಸಿ ಮೊಟ್ಟೆಗಳನ್ನು ಟಾರ್ಚಿನ ಮುಂದೆ ಹಿಡಿದು ನೋಡಿದೆವು. ಜೀವವಿದ್ದ ಮೊಟ್ಟೆಯಲ್ಲಿ ಜೇಡರ ಬಲೆಯ ಹಾಗೆ ಕೆಂಪು ನರಗಳು. ಇಲ್ಲದ್ದು ಬರಿದೆ ಬೆಳ್ಳಗೆ. ಮೂರು ಬೆಳ್ಳಗಿದ್ದವು, ತೆಗೆದೆವು. ಕೊನೆಗೆ ಮಾರ್ಚಿಯ ಒಂದು ಬೆಳಗ್ಗೆ ಬುಟ್ಟಿಯಲ್ಲಿ ಏಳು ಮರಿ. ಅತ್ತೆಯವರು ಅಂದು ಎರಡು ಮುದ್ದೆ ಉಂಡರು.

ಒಂದನ್ನು ಬೆಕ್ಕು ಒಯ್ದಿತು. ಉಳಿದ ಆರರಲ್ಲಿ ಎರಡು ಹುಂಜ, ನಾಲ್ಕು ಹೇಂಟೆ. ಆಗಸ್ಟಿನಲ್ಲಿ ಒಂದು ದಿನ ಮುಂಜಾನೆ ಹಿತ್ತಲಿನಿಂದ ಒಡಕು ಗಂಟಲಿನ, ಅರ್ಧಕ್ಕೇ ನಿಂತ ಕೂಗು. ಅತ್ತೆಯವರು ಹಾಸಿಗೆಯಲ್ಲೇ ಎದ್ದು ಕುಳಿತು, "ಬೆಳಗಾಯ್ತು," ಎಂದರು.

ಕೂಗು ಎಲ್ಲರಿಗೂ ಹಿತವಾಗಲಿಲ್ಲ. ಮೇಲಿನ ಮಹಡಿಯ ಬಾಡಿಗೆಯವರ ಹುಡುಗ ಪರೀಕ್ಷೆಗೆ ಓದುತ್ತಿದ್ದ. ಅವನ ತಾಯಿ ಬಂದು ಜಗಳವಾಡಿದರು. ನ್ಯಾಯ ಅವರ ಕಡೆಗೇ ಇತ್ತು. ರಾತ್ರಿ ಹುಂಜಗಳನ್ನು ತಗ್ಗು ಮಾಡಿನ, ಕತ್ತಲೆಯ ಗೂಡಿಗೆ ಹಾಕಿ ಆರು ಗಂಟೆಗೆ ಬಿಡುವುದೆಂದು ಒಪ್ಪಂದವಾಯಿತು. ಕತ್ತು ನೀಡಲು ಎತ್ತರವಿಲ್ಲದಿದ್ದರೆ, ಬೆಳಕು ಕಾಣದಿದ್ದರೆ, ಹುಂಜ ಪೂರ್ತಿ ಸುಮ್ಮನಾಗದಿದ್ದರೂ ದನಿ ತಗ್ಗಿಸುತ್ತದೆ. ವಾರಕ್ಕೆ ನಾಲ್ಕು ಮೊಟ್ಟೆ ಮೇಲಿನ ಮಹಡಿಗೆ ಹೋದುದರಿಂದಲೂ ದನಿ ತಗ್ಗಿತೆಂದು ಯಜಮಾನರು ಹೇಳುತ್ತಾರೆ.

ದಿಲ್ಲಿಯಲ್ಲಿ ಕೋಳಿ ಸಾಕುವುದು ಕೋಲಾರದಲ್ಲಿ ಸಾಕಿದ ಹಾಗಲ್ಲ. ಕೋಳಿಗೆ ಬೆವರುವ ಮೈಯಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಬೇಕು. ಮೇ, ಜೂನ್ ತಿಂಗಳಲ್ಲಿ ೪೫ ಡಿಗ್ರಿಯ ಬಿಸಿಯ ಜೊತೆ ಲೂ ಗಾಳಿ ಬೀಸುವಾಗ ಗೂಡಿನ ಸುತ್ತ ಒದ್ದೆ ಗೋಣಿ ಕಟ್ಟಿ, ಮಣ್ಣಿನ ಬಟ್ಟಲಲ್ಲಿ ಬೆಲ್ಲ ಉಪ್ಪು ಕದಡಿದ ನೀರಿಡುತ್ತೇವೆ. ಕಾಳು ಕೊಡುವುದು ಬೆಳಗ್ಗೆ ಮತ್ತು ಸಂಜೆ ಮಾತ್ರ. ಮಧ್ಯಾಹ್ನ ತಿಂದರೆ ಹೊಟ್ಟೆಯ ಬಿಸಿಯೂ ಸೇರುತ್ತದೆ. ರಾಗಿ ಇಲ್ಲಿ ತುಟ್ಟಿ, ಅದರ ಬದಲು ಸಜ್ಜೆ, ಗೋಧಿಯ ನುಚ್ಚು. ಓಖ್ಲಾ ತರಕಾರಿ ಮಂಡಿಯಲ್ಲಿ ಬಿಸಾಡುವ ಕೋಸಿನ ಹೊರಗಿನ ಎಲೆ. ಹುರಿದು ಪುಡಿಮಾಡಿದ ಮೊಟ್ಟೆಯ ಚಿಪ್ಪು. ಚಳಿಗಾಲದ ಪಾಡೇ ಬೇರೆ. ಮೊದಲ ಡಿಸೆಂಬರಿನಲ್ಲಿ ಮೊಟ್ಟೆ ಪೂರ್ತಿ ನಿಂತಾಗ ನಾವು ಚಳಿಯನ್ನು ದೂರಿದೆವು. ನಿಜವಾದ ಕಾರಣ ಬೆಳಕು. ಹಗಲು ಉದ್ದವಾದರೆ ಮಾತ್ರ ಹೇಂಟೆಯ ಮೈ ಮೊಟ್ಟೆಗೆ ಅಣಿಯಾಗುತ್ತದೆ. ಕೋಲಾರದಲ್ಲಿ ಡಿಸೆಂಬರಿನ ಹಗಲು ಹನ್ನೊಂದು ಗಂಟೆಗೂ ಮೇಲು. ದಿಲ್ಲಿಯಲ್ಲಿ ಹತ್ತೂಕಾಲು ಗಂಟೆಯಷ್ಟೆ. ಹಾಗೆಯೇ ಫೆಬ್ರವರಿ ಬಂತೆಂದರೆ ಇಲ್ಲಿ ಹಗಲು ಬೆಳೆಯುವ ವೇಗ ಹೆಚ್ಚು, ಹೇಂಟೆಗಳು ಒಮ್ಮೆಲೇ ಹುರುಪಾಗುತ್ತವೆ.

ಹಳ್ಳಿಯ ಕೋಳಿಗೆ ರೋಗವಿಲ್ಲವೆಂಬ ಭ್ರಮೆ ಯಾರಿಗೂ ಬೇಡ. ಕೊಕ್ಕರೆ ರೋಗಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ನ್ಯೂಕ್ಯಾಸಲ್ ಎಂದು ಹೆಸರು. ನಮ್ಮ ದೇಶದಲ್ಲಿ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಕಂಡುಬಂದುದರಿಂದ ರಾಣಿಖೇತ್ ರೋಗವೆಂದು ಕರೆದರು. ಮರಿಗೆ ವಾರ ತುಂಬುವುದರೊಳಗೆ ಕಣ್ಣಿಗೆ ಒಂದು ಹನಿ ಲಸಿಕೆ, ಎಂಟನೆಯ ವಾರದಲ್ಲಿ ಚುಚ್ಚುಮದ್ದು - ಇಷ್ಟನ್ನು ತಪ್ಪಿಸಬಾರದು. ಇದನ್ನು ನಾವು ಕಲಿತದ್ದು ದುಃಖದಿಂದ. ೨೦೧೯ರ ಮಳೆಗಾಲದಲ್ಲಿ ಊರಿನಿಂದ ಓರಗಿತ್ತಿಯ ಫೋನು ಬಂತು. ನಾಲ್ಕು ದಿನದಲ್ಲಿ ಗೂಡು ಬರಿದಾಗಿತ್ತು. ಕತ್ತು ತಿರುಚಿಕೊಂಡು ಒಂದೊಂದೇ ಬಿದ್ದವಂತೆ. ಅತ್ತೆಯವರ ಮನೆಯ ಆ ಕಂದು ಕೋಳಿ ಅಂದಿನಿಂದ ಜಗತ್ತಿನಲ್ಲಿ ಉಳಿದದ್ದು ಓಖ್ಲಾದ ಹನ್ನೆರಡು ಅಡಿ ಹಿತ್ತಲಲ್ಲಿ ಮಾತ್ರ.

ಅದೇ ವರ್ಷ ಇಲ್ಲಿಯೂ ಒಂದು ವಿಚಿತ್ರ ಕಂಡೆವು. ಮೊದಲು ಹದಿನೈದು ಮೊಟ್ಟೆಗೆ ಹತ್ತು ಮರಿ ಬರುತ್ತಿದ್ದುದು ಐದಕ್ಕೆ ಇಳಿಯಿತು. ಒಂದು ಮರಿಯ ಕಾಲ್ಬೆರಳು ಸೊಟ್ಟ. ಕಾವು, ಕಾಳು, ಮದ್ದು ಎಲ್ಲ ಸರಿಯಿದ್ದವು. ನಾನು ಪುಸ್ತಕ ಹಿಡಿದು ಕುಳಿತೆ. ಕಾರಣ ಸ್ಪಷ್ಟವಾಗಿತ್ತು: ಎಲ್ಲ ಒಂದೇ ಹುಂಜದ ಸಂತಾನ, ಅಣ್ಣ ತಂಗಿಯರ ಕೂಡಿಕೆ. ವಂಶದ ಗಣಿತ ನಮ್ಮ ಎಣಿಕೆಯ ಹಾಗಲ್ಲ. ಒಂದು ಹುಂಜ, ಎಂಟು ಹೇಂಟೆ ಇದ್ದರೆ ಕಣ್ಣಿಗೆ ಒಂಬತ್ತು. ಆದರೆ ಪ್ರತಿ ಮರಿಯ ಅರ್ಧ ಪಾಲು ಆ ಒಂದೇ ಹುಂಜದಿಂದ ಬರುವುದರಿಂದ ತಳಿಶಾಸ್ತ್ರದ ಲೆಕ್ಕಕ್ಕೆ ಅದು ಮೂರೂವರೆಯಷ್ಟೆ. ಹುಂಜ ಎರಡಾದರೆ ಅದೇ ಲೆಕ್ಕ ಆರನ್ನು ದಾಟುತ್ತದೆ. ಹೇಂಟೆಗಳನ್ನು ಎಷ್ಟೇ ಹೆಚ್ಚಿಸಿದರೂ ಒಂದೇ ಹುಂಜವಿದ್ದರೆ ಅದು ನಾಲ್ಕನ್ನು ಮುಟ್ಟದು.

ಮುಂದೇನು? ಖಾಲಾರ ಮನೆಯ ಹುಂಜವನ್ನು ಸೇರಿಸಿದರೆ ಮರಿಗಳು ಗಟ್ಟಿಯಾದಾವು, ಆದರೆ ತಳಿ ಬೆರೆಯುತ್ತದೆ. ಸೇರಿಸದಿದ್ದರೆ ತಳಿ ಶುದ್ಧವಾಗಿಯೇ ಇದ್ದು ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಯಜಮಾನರೂ ನಾನೂ ಒಂದು ವಾರ ವಾದಿಸಿದೆವು. ಕೊನೆಗೆ ಅತ್ತೆಯವರನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತ ಹೇಳಿದ ಮಾತು ನನ್ನ ಪುಸ್ತಕಗಳಲ್ಲಿ ಇರಲಿಲ್ಲ.

"ಮನೆ ಹುಂಜನ ಮನೇಲೇ ಮಡಗಿದ್ದೋರು ಯಾರಮ್ಮ? ನಮ್ಮ ಹುಂಜ ಅವರ ಮನೆಗೆ, ಅವರ ಹುಂಜ ನಮ್ಮ ಮನೆಗೆ. ವರ್ಷಾ ವರ್ಷಾ ಹಂಗೇ. ಕೋಳಿ ಒಂದು ಮನೇದಲ್ಲ, ಊರಿಂದು."

ಆಗ ಹೊಳೆಯಿತು. ನಾವು ಒಂದು ಮನೆಯ ಕೋಳಿಯನ್ನು ಉಳಿಸಲು ಹೊರಟಿದ್ದೆವು. ಉಳಿಸಬೇಕಾದದ್ದು ಒಂದು ಊರನ್ನು. ಓರಗಿತ್ತಿಯ ತವರು ಶ್ರೀನಿವಾಸಪುರದ ಕಡೆ. ಅಲ್ಲಿ ಅದೇ ಜಾತಿಯ ಕೋಳಿ ಇನ್ನೂ ಇತ್ತು. ೨೦೨೦ರ ಫೆಬ್ರವರಿಯಲ್ಲಿ ಮತ್ತೆ ಒಂದು ಡಬ್ಬಿ ರಾಗಿ, ಮತ್ತೆ ಹದಿನಾಲ್ಕು ಮೊಟ್ಟೆ. ಆ ಮರಿಗಳು ಕಣ್ಣು ಬಿಟ್ಟ ವಾರದಲ್ಲೇ ದೇಶಕ್ಕೆ ಬೀಗ ಬಿತ್ತು. ಸಜ್ಜೆ ಸಿಗದ ದಿನಗಳಲ್ಲಿ ನಮ್ಮ ಪಾಲಿನ ಅಕ್ಕಿಯನ್ನೇ ಹಂಚಿಕೊಂಡೆವು. ಬೆಳೆದ ಮೇಲೆ ಹಳೆಯದು ಹೊಸದು ಸೇರಿಸಿ ಮೂರು ಪಾಲು ಮಾಡಿದೆವು: ನಮ್ಮಲ್ಲೊಂದು, ಖಾಲಾರ ಮನೆಯಲ್ಲೊಂದು, ಜಸೋಲಾದ ಹಾಸನದ ಕನ್ನಡ ಸಂಸಾರದಲ್ಲೊಂದು. ವರ್ಷಕ್ಕೊಮ್ಮೆ ಯುಗಾದಿಯ ಹೊತ್ತಿಗೆ ಹುಂಜ ಒಂದು ಮನೆಯಿಂದ ಮುಂದಿನ ಮನೆಗೆ ಹೋಗಬೇಕು. ಪ್ರತಿ ಕೋಳಿಯ ಕಾಲಿಗೆ ಬಣ್ಣದ ಉಂಗುರ. ಯಾವ ಹೇಂಟೆ, ಯಾವ ಹುಂಜ, ಎಷ್ಟು ಮೊಟ್ಟೆ, ಎಷ್ಟು ಮರಿ ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ.

ಹೆಚ್ಚಾದ ಹುಂಜಗಳನ್ನು ಏನು ಮಾಡುತ್ತೀರಿ ಎಂದು ಸಂಘದಲ್ಲಿ ಕೇಳಿದವರುಂಟು. ಸುಳ್ಳೇಕೆ? ಯುಗಾದಿಯ ಮರುದಿನ ನಮ್ಮ ಸೀಮೆಯಲ್ಲಿ ಹೊಸತೊಡಕು. ಮಂಗಳೂರಿನ ಗೆಳೆಯರೊಬ್ಬರು ನಮ್ಮ ಹುಂಜದ ಕಾಲಮುಳ್ಳನ್ನು ಕಣ್ಣಲ್ಲೇ ಅಳೆದು, "ಅಂಕಕ್ಕೆ ಚೆನ್ನಾಗಿತ್ತು" ಎಂದು ನಿಟ್ಟುಸಿರಿಟ್ಟರು. ಇನ್ನೊಬ್ಬ ಹಿರಿಯರು, ಮೊಟ್ಟೆಯನ್ನೂ ಮುಟ್ಟದವರು, ಜನ್ನನ ಯಶೋಧರ ಚರಿತೆಯನ್ನು ನೆನಪು ಮಾಡಿದರು: "ಹಿಟ್ಟಿನ ಕೋಳಿಯನ್ನು ಕಡಿದುದಕ್ಕೇ ಯಶೋಧರನಿಗೆ ಜನ್ಮಜನ್ಮಾಂತರದ ಪಾಡು ಬಂತಮ್ಮ!" ಆ ಹಿರಿಯರೇ ಪ್ರತಿ ಮಾರ್ಚಿಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಮರಿ ನೋಡಲು ಬರುತ್ತಾರೆ, ಬರುವಾಗ ನುಚ್ಚಕ್ಕಿಯ ಪೊಟ್ಟಣ ತರುತ್ತಾರೆ.

೨೦೨೧ರ ಜನವರಿಯಲ್ಲಿ ಹಕ್ಕಿಜ್ವರ ಬಂತು. ಸಂಜಯ ಕೆರೆಯ ಬಾತುಗಳಲ್ಲಿ ರೋಗ ಕಂಡಿತು, ಗಾಜೀಪುರದ ಕೋಳಿ ಮಂಡಿ ಕೆಲವು ದಿನ ಮುಚ್ಚಿತು. ಸಾಕಿದ ಕೋಳಿಗಳಲ್ಲಿ ರೋಗ ಖಚಿತವಾದರೆ ಆ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗಿನ ಸಾಕುಕೋಳಿಗಳನ್ನೆಲ್ಲ ಕೊಲ್ಲಬೇಕೆಂಬುದು ಸರ್ಕಾರದ ನಿಯಮ. ಅದು ಸರಿಯಾದ ನಿಯಮವೇ. ಇಲ್ಲವಾದರೆ ರೋಗ ನಿಲ್ಲದು. ಆದರೆ ನಮ್ಮ ಎದೆ ನಡುಗಿತು. ಪಕ್ಷಿಧಾಮ ನಮಗೆ ಕೂಗಳತೆಯಲ್ಲಿ. ಅಷ್ಟು ದಿನ ಕಣ್ಣಿಗೆ ಹಬ್ಬವಾಗಿದ್ದ ಬಾತುಗಳ ಸಾಲು ನಮ್ಮ ನುಗ್ಗೆಮರದ ಮೇಲೆ ಹಾರಿಹೋದಾಗ ಈಗ ಭಯ. ಒಂದೇ ದಿನದಲ್ಲಿ ಹಿತ್ತಲಿಗೆಲ್ಲ ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಸಣ್ಣ ಕಣ್ಣಿನ ಬಲೆ. ಒಳಗೆ ಹೋಗಲು ಬೇರೆ ಚಪ್ಪಲಿ, ಬಾಗಿಲಲ್ಲಿ ಸುಣ್ಣ, ಬಂದ ಮೇಲೆ ಸೋಪಿನಿಂದ ಕೈ ತೊಳೆಯುವುದು. ಮೂರು ಮನೆಯವರೂ ಒಬ್ಬರ ಗೂಡಿಗೆ ಒಬ್ಬರು ಹೋಗಬಾರದೆಂದು ಕಟ್ಟು ಮಾಡಿಕೊಂಡೆವು.

ಮಣ್ಣು ಕೆದಕಿ, ಬಿಸಿಲಲ್ಲಿ ಧೂಳು ಮೀಯುತ್ತಿದ್ದ ಕೋಳಿಗಳು ಬಲೆಯೊಳಗೆ ಮುದುಡಿ ನಿಂತವು. ನೋಡಿ ನನಗೆ ಅಬ್ಬೂ ಖಾನನ ಮೇಕೆ ನೆನಪಾಯಿತು. ಬಿಡುಗಡೆ ದೊಡ್ಡದೋ, ಪ್ರಾಣ ದೊಡ್ಡದೋ? ಆ ಮೇಕೆ ತನ್ನ ಉತ್ತರವನ್ನು ತಾನೇ ಆರಿಸಿಕೊಂಡಿತು. ನಮ್ಮ ಕೋಳಿಗಳ ಪರವಾಗಿ ನಾವು ಆರಿಸಬೇಕಾಗಿತ್ತು. ಅತ್ತೆಯವರು ದಿನವೂ ಬಲೆಯ ಹೊರಗೆ ಮಣೆ ಹಾಕಿಕೊಂಡು ಕುಳಿತು, "ಬೊ ಬೊ ಬೊ" ಎಂದು ಮಾತಾಡಿಸುತ್ತಿದ್ದರು. ಎರಡು ತಿಂಗಳು ಕಳೆಯಿತು. ಮೂರು ಮನೆಗಳಲ್ಲಿ ಒಂದು ಕೋಳಿಗೂ ಏನೂ ಆಗಲಿಲ್ಲ.

ಕೋಳಿಗೆ ಬಾರದ ಮೃತ್ಯು ಮನುಷ್ಯರಿಗೆ ಬಂತು. ಆ ಏಪ್ರಿಲ್, ಮೇ ತಿಂಗಳುಗಳನ್ನು ದಿಲ್ಲಿಯಲ್ಲಿದ್ದ ಯಾರಿಗೂ ವಿವರಿಸಬೇಕಾಗಿಲ್ಲ. ಖಾಲಾ ಹೋದರು. ಮಣ್ಣಿಗೆ ನಾಲ್ಕೇ ಜನ. ಗಲ್ಲಿ ತಿಂಗಳುಗಟ್ಟಲೆ ಮಾತಾಡಲಿಲ್ಲ. ಮುಂಜಾನೆ ನಮ್ಮ ಹುಂಜ ಕೂಗಿದರೆ ಖಾಲಾರ ಮನೆಯ ಹುಂಜ ಉತ್ತರ ಕೊಡುತ್ತಿತ್ತು, ಅಷ್ಟೇ ಸದ್ದು. ಮೇಲಿನ ಮಹಡಿಯ ಆ ತಾಯಿ ಒಂದು ದಿನ ಕೆಳಗಿಳಿದು ಬಂದು, "ಹುಂಜವನ್ನು ಕತ್ತಲೆಗೆ ಹಾಕಬೇಡಿ, ಕೂಗಲಿ," ಎಂದರು. ಖಾಲಾರ ಪಾಲಿನ ಕೋಳಿಗಳನ್ನು ಅವರ ಸೊಸೆ ಬಿಡಲಿಲ್ಲ. ಯುಗಾದಿಯಲ್ಲಿ ತಪ್ಪಿದ ಹುಂಜದ ಬದಲಾವಣೆಯನ್ನು ಬಕ್ರೀದಿನ ಮುಂದೆ ಮಾಡಿದೆವು.

ಇನ್ನು ಒಂದೇ ಸಂಗತಿ ಉಳಿದಿದೆ. ೨೦೨೨ರ ಅಕ್ಟೋಬರಿನಲ್ಲಿ, ಚಳಿಗೆ ಮೊದಲು, ಯಜಮಾನರು ಊರಿಗೆ ಹೊರಟರು. ಅತ್ತೆಯವರು ತಾವೇ ಕುಳಿತು ಡಬ್ಬಿ ತುಂಬಿದರು. ರಾಗಿಯ ಬದಲು ದಿಲ್ಲಿಯ ಸಜ್ಜೆ, ಅದರೊಳಗೆ ಮೂರು ಮನೆಯ ಹದಿನ಼ೈದು ಮೊಟ್ಟೆ. ಬಂದ ದಾರಿಯಲ್ಲೇ ಅವು ಹಿಂದಕ್ಕೆ ಹೋದವು. ಓರಗಿತ್ತಿ ಕಾವಿಗಿಟ್ಟರು, ಒಂಬತ್ತು ಮರಿ ಎದ್ದವು. ಈ ಸಲ ಲಸಿಕೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು.

ಅಂದಹಾಗೆ ಒಂದು ವಿಷಯ ಹೇಳಬೇಕು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂದು ಡಾರ್ವಿನ್ ೧೮೬೮ರ ತನ್ನ ಗ್ರಂಥದಲ್ಲಿ ವಾದಿಸಿದ. ಅದು ಬಹುಮಟ್ಟಿಗೆ ನಿಜವೇ ಆಯಿತು. ಆದರೆ ಕೋಳಿಯ ಕಾಲಿನ ಹಳದಿ ಬಣ್ಣ ಮಾತ್ರ ನಮ್ಮ ದಕ್ಷಿಣದ ಕಾಡುಗಳ ಬೂದು ಕಾಡುಕೋಳಿಯಿಂದ ಬಂದದ್ದೆಂದು ೨೦೦೮ರಲ್ಲಿ ಪತ್ತೆಯಾಯಿತು. ಮಡಿಕೇರಿ, ಆಗುಂಬೆಗಳ ಕಡೆಯವರು ಆ ಹಕ್ಕಿಯ ಕೂಗನ್ನು ಕೇಳಿಯೇ ಇರುತ್ತೀರಿ. ಅತ್ತೆಯವರಿಗೆ ಇದನ್ನು ಓದಿ ಹೇಳಿದಾಗ, "ಕಾಲು ನೋಡೇ ನಮ್ಮದು ಅಂತ ಹೇಳ್ತಿದ್ನಲ್ಲ," ಎಂದರು, ಅಷ್ಟೇ.

ಅವರಿಗೆ ಈಗ ಕಿವಿ ಮಂದ. ಆದರೂ ೨೦೨೩ರ ಬೇಸಿಗೆಯ ಒಂದು ಮುಂಜಾನೆ ಊರಿನಿಂದ ಫೋನು ಬಂದಾಗ ಅದನ್ನು ಅವರ ಕಿವಿಗೇ ಹಿಡಿದೆ. ಆ ಕಡೆ ಮಾತಿಲ್ಲ. ಒಡಕು ಗಂಟಲಿನ, ಅರ್ಧಕ್ಕೇ ನಿಂತ ಒಂದು ಕೂಗು. ಅದೇ ಹೊತ್ತಿಗೆ ಇಲ್ಲಿ ಹಿತ್ತಲಲ್ಲಿಯೂ ಕೂಗಿತು. ಅತ್ತೆಯವರು ಎರಡನ್ನೂ ಕೇಳಿಸಿಕೊಂಡು, ಫೋನನ್ನು ನನ್ನ ಕೈಗೆ ಕೊಟ್ಟು, "ಇಬ್ರಿಗೂ ಬೆಳಗಾಯ್ತು. ಕಾಫಿಗೆ ಇಡಮ್ಮ," ಎಂದರು.

ಓದುಗ ಬಂಧುಗಳೇ, ಓಖ್ಲಾಕ್ಕೆ ಬನ್ನಿ. ಚಳಿಗಾಲದಲ್ಲಿ ಬಂದರೆ ಬಾತುಗಳನ್ನು ನೋಡಬಹುದು, ಮಾರ್ಚಿಯಲ್ಲಿ ಬಂದರೆ ಮರಿಗಳನ್ನು. ನೆಲಮಹಡಿ, ಹತ್ತಡಿ ಮಣ್ಣು, ಒಪ್ಪುವ ನೆರೆಹೊರೆ ಇದ್ದವರು ಒಂದು ಸ್ಟೀಲು ಡಬ್ಬಿಯನ್ನೂ ತನ್ನಿ. ಮೊಟ್ಟೆಗೆ ದುಡ್ಡು ಬೇಡ. ಆದರೆ ಯುಗಾದಿಗೆ ಹುಂಜವನ್ನು ಮುಂದಿನ ಮನೆಗೆ ಕಳಿಸುತ್ತೇವೆಂದು ಮಾತು ಕೊಡಬೇಕು.